ಗಂಜಿ ಕುಡಿದ ಗಾಲಿಗಳು

ಕಾರಿಗೆ ಗಾಲಿ ಎಷ್ಟಿರಬೇಕು ಎಂಬುದು ನಮ್ಮ ಕಾಲದ ಗಹನವಾದ ಪ್ರಶ್ನೆಗಳಲ್ಲಿ ಒಂದು. ಉರುಳಲಿಕ್ಕೆ ನಾಲ್ಕು, ಧೈರ್ಯಕ್ಕೆ ಒಂದು, ಒಟ್ಟು ಐದು ಎಂದು ಹಿರಿಯರು ನಂಬಿಕೊಂಡು ಬಂದಿದ್ದರು. ಧೈರ್ಯದ್ದು ಬೇಕಾಗಿಲ್ಲ ಎಂದು ಕಂಪನಿಗಳು ಈಚೆಗೆ ತೀರ್ಮಾನಿಸಿವೆ. ಈ ಎರಡು ಮತಗಳ ನಡುವೆ ಸಿಕ್ಕಿಕೊಂಡವರಲ್ಲಿ ಇಚಲಕರಂಜಿಯ ಕಾಕಾಸಾಹೇಬರ ಪ್ರಕರಣವನ್ನು ಬರೆದಿಡುವುದು ಅವಶ್ಯವಾಗಿದೆ. ಏಕೆಂದರೆ ಅದರಿಂದ ಗಡಹಿಂಗ್ಲಜದಲ್ಲಿ ನಲವತ್ತು ಜನರ ಊಟ ತಡವಾಯಿತು.

ಕಾಕಾಸಾಹೇಬರದು ಸೈಜಿಂಗ್ ಕಾರಖಾನೆ. ಮಗ್ಗಕ್ಕೆ ಏರಿಸುವ ಮೊದಲು ನೂಲಿಗೆ ಗಂಜಿ ಕುಡಿಸಿ ಒಣಗಿಸುವ ಕೆಲಸಕ್ಕೆ ಆ ಊರಿನಲ್ಲಿ ಹಾಗೆನ್ನುತ್ತಾರೆ. ಮೂವತ್ತು ವರ್ಷ ಗಂಜಿಯ ಹಬೆಯಲ್ಲಿ ನಿಂತವನಿಗೆ ಲೋಕದ ಬಹುಪಾಲು ತೊಂದರೆಗಳು ಗಂಜಿ ಹದ ತಪ್ಪಿದ್ದರಿಂದ ಆದಂತೆ ಕಾಣುತ್ತವೆ. ಭಾವಮೈದುನನ ಮದುವೆ ಮುರಿದಾಗ ಕೂಡ ಅವರು "ತೆಳ್ಳಗ ಆಗಿತ್ತು" ಎಂದಿದ್ದರು. ಕಾರಖಾನೆಯಲ್ಲಿ ಗಂಜಿ ಬೇಯಿಸುವ ಗುರಣ್ಣನಿಗೆ ಅವರು ದಿನಕ್ಕೆ ಒಮ್ಮೆಯಾದರೂ ಹೇಳುತ್ತಿದ್ದ ಮಾತು ಒಂದೇ: "ಆರಿದ ಗಂಜಿ ಗಂಜಿ ಅಲ್ಲ, ಕಲ್ಲು. ತಿರುವಕೋತ ಇರು."

ಅವರ ಸೋದರತ್ತೆ ಮಾಣಿಕಬಾಯಿಗೆ ಎಪ್ಪತ್ತಾರು ವರ್ಷ. ಪ್ರತಿವರ್ಷ ಭಾದ್ರಪದದ ಹತ್ತು ದಿನದ ಪರ್ವಕ್ಕೆ ಆಕೆ ಇಚಲಕರಂಜಿಗೆ ಬರುತ್ತಿದ್ದಳು. ಬಸದಿ ಕಾಕಾಸಾಹೇಬರ ಮನೆಯಿಂದ ಹತ್ತು ಹೆಜ್ಜೆ. ಏಳು ದಿನ ಒಪ್ಪತ್ತು ಊಟ, ಕೊನೆಯ ಮೂರು ದಿನ ಬರೀ ಕಾಯಿಸಿ ಆರಿಸಿದ ನೀರು. ಹುಣ್ಣಿಮೆಯ ಬೆಳಿಗ್ಗೆ ಗಡಹಿಂಗ್ಲಜದ ಮಗಳ ಮನೆಗೆ ಹೋಗಿ, ಮಗಳು ರಾಜಮತಿಯ ಕೈಯಿಂದ ಹೆಸರುಬೇಳೆಯ ಕಟ್ಟು ಕುಡಿದು ಪಾರಣೆ. ಆಕೆ ಕುಡಿಯುವ ತನಕ ಆ ಮನೆಯಲ್ಲಿ ಬೇರೆ ಯಾರೂ ತುತ್ತು ಎತ್ತುವಂತಿಲ್ಲ. ಆಕೆಯನ್ನು ಕರೆದೊಯ್ಯಲು ಅಳಿಯ ಭರತೇಶ ತನ್ನ ಹಳೆಯ ಜೀಪು ತರುತ್ತಿದ್ದ. ಜೀಪಿನ ಬೆನ್ನಿಗೆ ಐದನೆಯ ಗಾಲಿ, ಅದರ ಕವಚದ ಮೇಲೆ "ಆಯೀಚಾ ಆಶೀರ್ವಾದ", ಎಂದರೆ ತಾಯಿಯ ಆಶೀರ್ವಾದ, ಎಂಬ ಮರಾಠಿ ಬರಹ. ಹನ್ನೆರಡು ವರ್ಷ ಆ ಬರಹ ತಮ್ಮ ಓಣಿಯಿಂದ ತಮ್ಮ ಅತ್ತೆಯನ್ನು ಕರೆದುಕೊಂಡು ಹೋಗುವುದನ್ನು ಕಾಕಾಸಾಹೇಬರು ಬಾಗಿಲಲ್ಲಿ ನಿಂತು ನೋಡಿದ್ದರು. ಹದಿಮೂರನೆಯ ವರ್ಷ ಅವರು ಬ್ಯಾಟರಿ ಕಾರು ಬುಕ್ ಮಾಡಿದರು. "ಈ ಸಲ ಆತ್ಯಾನ್ನ ನಾನ ಕರಕೊಂಡ ಬರತೇನಿ" ಎಂದು ಭರತೇಶನಿಗೆ ಹೇಳಿದರು. ಭರತೇಶ "ಬರ್ರಿ" ಎಂದ. ಆ "ಬರ್ರಿ"ಯಲ್ಲಿ ಸ್ವಲ್ಪ ನಗು ಇತ್ತೆಂದು ಕಾಕಾಸಾಹೇಬರು ಹೆಂಡತಿ ಶಾಲನಳಿಗೆ ಮೂರು ಸಲ ಹೇಳಿದರು.

ಚೌತಿಯ ದಿನ ಕೊಲ್ಹಾಪುರದ ಷೋರೂಮಿನಲ್ಲಿ ಕಾರು ಕೈಸೇರಿತು. ಮಾರಾಟದ ಹುಡುಗ ಕೇದಾರ ಡಿಕ್ಕಿಯ ಹಾಸು ಎತ್ತಿ ತೋರಿಸಿದ. ಗಾಲಿ ಇರಬೇಕಾದಲ್ಲಿ ಒಂದು ಪುಟ್ಟ ಪಂಪು, ಒಂದು ಬಾಟಲಿ.

"ಸ್ಟೆಪ್ನಿ ನಾಹಿ ಸಾಹೇಬ. ತ್ಯಾಚ್ಯಾ ಐವಜಿ ಹೇ." ಐದನೆಯ ಗಾಲಿಯ ಬದಲಿಗೆ ಇವು ಎಂದು ಅವನ ಮರಾಠಿಯ ಅರ್ಥ.

"ಠಾವುಕ ಆಹೆ," ಎಂದರು ಕಾಕಾಸಾಹೇಬರು. ಠಾವುಕ ಇರಲಿಲ್ಲ, ಎಂದರೆ ಗೊತ್ತಿರಲಿಲ್ಲ. ಸ್ಟೆಪ್ನಿ ಇದೆಯೋ ಇಲ್ಲವೋ ಎಂದು ಬುಕ್ ಮಾಡುವಾಗ ಕೇಳಿದರೆ ತಾವು ಹೊಸಬರೆಂದು ತಿಳಿದಾರು ಎಂದು ಅವರು ಕೇಳಿರಲಿಲ್ಲ.

ಕೇದಾರ ಕ್ರಮವಾಗಿ ವಿವರಿಸಿದ. ಮೊಳೆ ಚುಚ್ಚಿದ ಸಣ್ಣ ತೂತಿಗೆ ಮಾತ್ರ ಇದು ನಡೆಯುತ್ತದೆ, ಟೈರಿನ ಪಕ್ಕೆ ಹರಿದರೆ ಇಲ್ಲ. ಬಾಟಲಿಯನ್ನು ಪಂಪಿಗೆ ಸಿಕ್ಕಿಸಿ ಒಳಗಿನದನ್ನು ಗಾಲಿಗೆ ಇಳಿಸಬೇಕು. ಇಳಿಸಿದ ಕೂಡಲೇ ಐದು ಕಿಲೋಮೀಟರು ಓಡಿಸಬೇಕು, ಆಗಲೇ ಅದು ಒಳಗೆಲ್ಲ ಹರಡಿ ತೂತು ಮುಚ್ಚುತ್ತದೆ. ಆಮೇಲೆ ನಿಧಾನವಾಗಿ ಪಂಕ್ಚರ್ ಅಂಗಡಿ ಮುಟ್ಟಿ ತೊಳೆಸಬೇಕು. ಇಷ್ಟರಲ್ಲಿ ಕಾಕಾಸಾಹೇಬರ ಕಿವಿಗೆ ಬಿದ್ದದ್ದು, ಬಿಳಿ, ಅಂಟು, ದ್ರವ ಎಂಬ ಮೂರು ಸಂಗತಿಗಳು. ಉಳಿದದ್ದು ಅವರಿಗೆ ಮೊದಲೇ ತಿಳಿದ ವಿಷಯವೆನಿಸಿತು.

ಸಂಜೆ ಮನೆಯ ಮುಂದೆ ಪೂಜೆ. ಮಾಣಿಕಬಾಯಿ ತಟ್ಟೆ ಹಿಡಿದು ನಾಲ್ಕು ಗಾಲಿಗೆ ಕುಂಕುಮ ಹಚ್ಚಿ ಕಾರಿನ ಸುತ್ತ ಒಂದು ಸುತ್ತು ಬಂದು ನಿಂತಳು.

"ಐದನೇದು ಎಲ್ಲೆ ಇಟ್ಟೀಪಾ?"

ಈಗ ಐದನೆಯದಕ್ಕೆ ಬದಲು ಔಷಧ ಬಂದಿದೆ, ಪರದೇಶದಲ್ಲೆಲ್ಲ ಹೀಗೇ ಎಂದು ಕಾಕಾಸಾಹೇಬರು ಓಣಿಗೆಲ್ಲ ಕೇಳುವಂತೆ ಹೇಳಿ ಬಾಟಲಿ ತಂದು ಕೊಟ್ಟರು. ಪಕ್ಕದ ಮನೆಯ ಸಾವಕ್ಕ ಕಂಪೌಂಡಿನ ಮೇಲಿಂದ, ಮನುಷ್ಯರಿಗೆ ಸಿಗದ ಔಷಧ ಗಾಲಿಗೆ ಸಿಗುತ್ತಿರುವುದರ ಬಗ್ಗೆ ಒಂದು ಮಾತು ಆಡಿದಳು. ಮಾಣಿಕಬಾಯಿ ಬಾಟಲಿಯನ್ನು ಬೆಳಕಿಗೆ ಹಿಡಿದು ಅಲುಗಾಡಿಸಿದಳು.

"ಅಂಟ ಐತಿ. ಯಾತರ ಅಂಟ ಇದು?"

ಗೊತ್ತಿಲ್ಲ ಎನ್ನುವುದು ಕಾಕಾಸಾಹೇಬರ ಸ್ವಭಾವದಲ್ಲಿರಲಿಲ್ಲ. ಅವರು ಬಾಟಲಿಯ ಕಡೆ ಬಾಗಿ ಓದಲು ನೋಡಿದರು. ಬಾಟಲಿಯ ಮೇಲಿನ ಅಕ್ಷರಗಳು ಇರುವೆಯ ಕಾಲಿನಷ್ಟಿದ್ದವು.

"ಬಡಿಗ್ಯಾರ ಅಂಟ ಎಲುಬ ಕುದಿಸಿ ಮಾಡತಾರ, ನಾ ಕಣ್ಣಾರೆ ನೋಡೇನಿ," ಎಂದಳು ಮಾಣಿಕಬಾಯಿ. "ಹತ್ತ ದಿನ ವ್ರತಾ ಹಿಡದು ಅಂಥಾದ್ದರ ಮ್ಯಾಲ ಕುಂತು ಪಾರಣಿಗೆ ಹೋಗಲೇನು? ಯಾತರದಂತ ತಿಳೀಲಿ, ಕುಂದರತೇನಿ. ತಿಳೀಲಿಲ್ಲಂದ್ರ ಭರತೇಶಗ ಫೋನ ಹಚ್ಚು. ಜೀಪ ಬರಲಿ."

ಕಾಕಾಸಾಹೇಬರು ಅಂದಿನಿಂದ ಭರತೇಶನೊಬ್ಬನನ್ನು ಬಿಟ್ಟು ಎಲ್ಲರಿಗೂ ಫೋನು ಹಚ್ಚಿದರು.

ಕೇದಾರನಿಗೆ ಗೊತ್ತಿರಲಿಲ್ಲ. ಅವನು ಕಂಪನಿಯ ಸಹಾಯವಾಣಿಯ ಸಂಖ್ಯೆ ಕೊಟ್ಟ. ಅಲ್ಲಿ ಬ್ಯಾಟರಿಗೆ ಒಂದು ಒತ್ತಿ, ಬ್ರೇಕಿಗೆ ಎರಡು ಒತ್ತಿ ಎಂದಿತ್ತು. ಅಹಿಂಸೆಗೆ ಸಂಖ್ಯೆ ಇರಲಿಲ್ಲ. ಪರ್ವದ ಒಂಬತ್ತನೆಯ ದಿನ, ಎಂದರೆ ಮಾಣಿಕಬಾಯಿ ಅನ್ನ ಬಿಟ್ಟ ಮರುದಿನ, ಕೊನೆಗೂ ಹಿಂದಿ ಮಾತಾಡುವ ಹೆಣ್ಣುಮಗಳೊಬ್ಬಳು ಸಿಕ್ಕಳು. ಬಾಟಲಿಯೊಳಗಿನದರಲ್ಲಿ ಪ್ರಾಣಿಯದ್ದೇನಾದರೂ ಇದೆಯೇ, ಮನೆಯಲ್ಲಿ ಹಿರಿಯರು ವ್ರತಸ್ಥರು, ಎಂದು ಕಾಕಾಸಾಹೇಬರು ವಿಚಾರಿಸಿದರು. ಆಕೆಯ ಮುಂದಿದ್ದ ಪರದೆಯಲ್ಲಿ ಬಾಟಲಿಯನ್ನೂ ಮನೆಯ ಹಿರಿಯರನ್ನೂ ಜೋಡಿಸುವ ಪರಿಚ್ಛೇದ ಒಂದೇ ಇತ್ತು: ಯಾರಾದರೂ ನುಂಗಿದ್ದರೆ ಕೇಳಬೇಕಾದ ಪ್ರಶ್ನೆಗಳು. ಆಕೆ ಅವನ್ನೇ ಕೇಳತೊಡಗಿದಳು. ಹಿರಿಯರ ವಯಸ್ಸು? ಎಪ್ಪತ್ತಾರು. ಊಟ ಮಾಡುತ್ತಿದ್ದಾರೆಯೇ? ನಿನ್ನೆಯಿಂದ ಇಲ್ಲ, ನೀರು ಮಾತ್ರ. ಎಚ್ಚರದಲ್ಲಿದ್ದಾರೆಯೇ? ಇದ್ದಾರೆ, ಮಲಗಿಕೊಂಡೇ ಮಂತ್ರ ಹೇಳುತ್ತಿದ್ದಾರೆ. ಆಕೆ ಗಾಬರಿಯಾಗದಿರಲು ಹೇಳಿ ಫೋನು ಇಟ್ಟಳು. ಕಂಪನಿಯವರು ಇಷ್ಟು ಕಾಳಜಿಯಿಂದ ವಿಚಾರಿಸುತ್ತಾರೆಂದು ತಮಗೆ ಗೊತ್ತಿರಲಿಲ್ಲ ಎಂದರು ಕಾಕಾಸಾಹೇಬರು ಶಾಲನಳಿಗೆ.

ಆ ಮಧ್ಯಾಹ್ನವೇ ಕೇದಾರನೂ ಅವನ ಮ್ಯಾನೇಜರನೂ ಸೇಬಿನ ಬುಟ್ಟಿ ಹಿಡಿದು ಕೊಲ್ಹಾಪುರದಿಂದ ಬಂದಿಳಿದರು. ಮಾಣಿಕಬಾಯಿ ಪಡಸಾಲೆಯಲ್ಲಿ ಚಾಪೆಯ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮ್ಯಾನೇಜರ ತಗ್ಗಿದ ದನಿಯಲ್ಲಿ, ಎಷ್ಟು ಕುಡಿದಿದ್ದಾರೆ ಎಂದು ಶಾಲನಳನ್ನು ಕೇಳಿದ. ಅತ್ತೆಯ ವ್ರತದ ವಿಷಯ ಕೊಲ್ಹಾಪುರದ ತನಕ ಮುಟ್ಟಿದ್ದಕ್ಕೆ ಶಾಲನಳಿಗೆ ಸಂತೋಷವಾಯಿತು.

"ಮುಂಜಾನೆ ಅರ್ಧಾ ತಂಬಗಿ ತಗೊಂಡಾರ್ರಿ," ಎಂದಳು. "ಸಂಜೀ ಮುಂದ ಇನ್ನರ್ಧಾ ಕೊಡತೇನಿ."

ಮ್ಯಾನೇಜರ ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಕಂಪೌಂಡಿನ ಆಚೆ ಸಾವಕ್ಕನಿಗೆ ವಿಷಯ ಪೂರ್ತಿ ತಿಳಿಯಿತು. ಮುದುಕಿ ಗಾಲಿಯ ಔಷಧ ಕುಡಿದಿದ್ದಾಳೆ, ಸೊಸೆ ಇನ್ನೂ ಕುಡಿಸುವವಳಿದ್ದಾಳೆ ಎಂದು ಹತ್ತು ನಿಮಿಷದಲ್ಲಿ ಓಣಿಗೂ ತಿಳಿಯಿತು. ಜನ ಬಂದರು. ಗದ್ದಲಕ್ಕೆ ಮಾಣಿಕಬಾಯಿ ಎದ್ದು ಕುಳಿತು, ಸೇಬಿನ ಬುಟ್ಟಿ ನೋಡಿ, ಯಾರಿಗೆ ಹುಷಾರಿಲ್ಲ ಎಂದು ಕೇಳಿದಳು.

ಬಾಟಲಿಯ ಬಿರಡೆ ಬಿಚ್ಚಿಲ್ಲವೆಂಬುದನ್ನು ಎಲ್ಲರೂ ಒಬ್ಬೊಬ್ಬರಾಗಿ ನೋಡಿದ ಮೇಲೆ ಶಾಂತಿ ನೆಲೆಸಿತು. ಆದರೂ ದೂರು ದಾಖಲಾಗಿದೆ, ಸಾಕ್ಷಿ ಬೇಕು ಎಂದು ಮ್ಯಾನೇಜರ ಬಾಟಲಿಯನ್ನು ಚೀಲದಲ್ಲಿ ಕಟ್ಟಿ ಒಯ್ದ. ಎಂಟು ದಿನದಲ್ಲಿ ಬೇರೆಯದು ಕಳಿಸುವುದಾಗಿಯೂ, ಅಂಟು ಯಾತರದೆಂದು ಮುಖ್ಯ ಕಚೇರಿಗೆ ಬರೆದು ಕೇಳುವುದಾಗಿಯೂ ಹೇಳಿದ. ಈಗ ಕಾಕಾಸಾಹೇಬರ ಹತ್ತಿರ ಗಾಲಿಯೂ ಇರಲಿಲ್ಲ, ಬಾಟಲಿಯೂ ಇರಲಿಲ್ಲ, ಪಂಪು ಇತ್ತು. ಪಾರಣೆಗೆ ಎರಡು ರಾತ್ರಿ ಉಳಿದಿದ್ದವು.

ಆಗ ಅವರಿಗೆ ಹೊಳೆಯಿತು. ಬಿಳಿ, ಅಂಟು, ದ್ರವ: ಇಂಥದನ್ನು ತಮ್ಮ ಕಾರಖಾನೆಯಲ್ಲಿ ದಿನಕ್ಕೆ ಸಾವಿರ ಲೀಟರು ಬೇಯಿಸುತ್ತಾರೆ.

ಸಂಜೆ ಗುರಣ್ಣ ಮನೆಯಂಗಳಕ್ಕೇ ಬಂದು ಗೋವಿನಜೋಳದ ಹಿಟ್ಟು, ಗೋರಿಕಾಯಿ ಬೀಜದ ಅಂಟು ಹಾಕಿ ದಪ್ಪನೆಯ ಗಂಜಿ ಬೇಯಿಸಿದ. ತೂತು ಮುಚ್ಚಲೆಂದು ಕಾಕಾಸಾಹೇಬರು ಮಗ್ಗದ ಕೆಳಗೆ ಬಿದ್ದ ಹತ್ತಿಯ ಎಳೆಗಳನ್ನು ಸ್ವತಃ ಬೆರೆಸಿದರು. ನೀರನ್ನು ಮಾಣಿಕಬಾಯಿ ಸೋಸಿಕೊಟ್ಟಳು. ಒಂದೊಂದು ಸಾಮಾನನ್ನೂ ಮೂಸಿ ನೋಡಿ, "ಇದು ತಿಳೀತು" ಎಂದಳು. ವಾಲ್ವಿನ ಪಿನ್ನು ಬಿಚ್ಚಿ ಗಾಲಿಗೆ ಎರಡೆರಡು ಲೀಟರಿನಂತೆ ನಾಲ್ಕಕ್ಕೂ ಗಂಜಿ ಇಳಿಸಿ, ಪಂಪಿನಿಂದ ಗಾಳಿ ತುಂಬಿದರು. ತೂತು ಬೀಳುವ ಮೊದಲೇ ಮುಚ್ಚಿಡುವ ಈ ಉಪಾಯ ಕಂಪನಿಗೆ ಏಕೆ ಹೊಳೆಯಲಿಲ್ಲ ಎಂದು ಕಾಕಾಸಾಹೇಬರಿಗೆ ಆಶ್ಚರ್ಯವಾಯಿತು.

ಗುರಣ್ಣ ಕೈ ತೊಳೆದುಕೊಳ್ಳುತ್ತ ಹೇಳಿದ: "ಮಾಲಕ್ರ, ಈಗ ಒಂದೀಟು ಗಾಡಿ ತಿರಗಾಡಿಸಿಕೊಂಡ ಬರಬೇಕ್ರಿ. ನಿಂತರ ಆರತೈತಿ."

ತಿರುಗಾಡಿಸಲು ದಾರಿಯಿರಲಿಲ್ಲ. ಮರುದಿನ ಗಣಪತಿ ಹೊಳೆಗೆ ಹೋಗುವವನಿದ್ದ. ಓಣಿಯ ಬಾಯಿಗೆ ಮಂಟಪ, ಮಂಟಪದ ಮುಂದೆ ಟ್ರ್ಯಾಕ್ಟರು.

"ಅದು ನೂಲಿನ ಮಾತು," ಎಂದರು ಕಾಕಾಸಾಹೇಬರು. "ಇದು ಗಾಲಿ. ತಾನ ತಿರಗತೈತಿ."

ಗುರಣ್ಣ ನಿಂತ ಕಾರನ್ನು ಸ್ವಲ್ಪ ಹೊತ್ತು ನೋಡಿದ. ಅವನು ನೌಕರ. ಕೈ ಒರೆಸಿಕೊಂಡು ಮನೆಗೆ ಹೋದ.

ಹುಣ್ಣಿಮೆಯ ಬೆಳಿಗ್ಗೆ ಆರೂವರೆಗೆ ಕಾರು ಹೊರಟಿತು. ಮುಂದೆ ಕಾಕಾಸಾಹೇಬರು, ಪಕ್ಕದಲ್ಲಿ ಶಾಲನ, ಹಿಂದೆ ಮಾಣಿಕಬಾಯಿ. ಒಂಬತ್ತಕ್ಕೆ ಪಾರಣೆ. ಬ್ಯಾಟರಿ ಕಾರಿಗೆ ಸ್ವಂತ ಸದ್ದಿಲ್ಲ. ಆದರೆ ಇಚಲಕರಂಜಿಯಲ್ಲಿ ಯಾರಿಗೂ ತಮ್ಮ ಸದ್ದು ಕೇಳುವುದಿಲ್ಲ. ಓಣಿಯ ಎರಡೂ ಕಡೆ ಮಗ್ಗಗಳು ಖಟಕ್ ಖಟಕ್ ಎನ್ನುತ್ತಿದ್ದವು. ಊರು ಮುಗಿಯಿತು. ಶೆಡ್ಡುಗಳು ಮುಗಿದವು. ಕಬ್ಬಿನ ಹೊಲ ಬಂತು. ಖಟಕ್ ಖಟಕ್ ಮುಗಿಯಲಿಲ್ಲ.

"ಇಲ್ಲೂ ಮಗ್ಗ ಹಾಕ್ಯಾರೇನ್ರಿ?" ಎಂದಳು ಶಾಲನ.

ಮೂವತ್ತು ವರ್ಷ ಕೇಳಿದ ಸಪ್ಪಳ ಕಿವಿಯಲ್ಲಿ ಉಳಿದಿರುತ್ತದೆ ಎಂದು ಕಾಕಾಸಾಹೇಬರು ವಿವರಿಸಿದರು. ಕಾಗಲ ದಾಟಿ ಹೆದ್ದಾರಿಗೆ ಬಿದ್ದು ವೇಗ ಏರಿಸಿದಾಗ ಆ ಸಪ್ಪಳ ಕಿವಿಯಿಂದ ಸೊಂಟಕ್ಕೆ ಇಳಿಯಿತು. ಮಾಣಿಕಬಾಯಿ ಹೇಳುತ್ತಿದ್ದ ಮಂತ್ರ ತುಂಡುತುಂಡಾಗಿ ಹೊರಬರತೊಡಗಿತು. ಒಂದೂವರೆ ದಿನ ನಿಂತ ಗಾಲಿಗಳಲ್ಲಿ ಗಂಜಿ ತಳಕ್ಕಿಳಿದು, ಆರಿ, ಗಾಲಿಗೊಂದು ಮುದ್ದೆ ಕಟ್ಟಿತ್ತು. ನಾಲ್ಕು ಮುದ್ದೆಗಳು ತಮ್ಮತಮ್ಮ ಸರದಿಯಲ್ಲಿ ರಸ್ತೆಯನ್ನು ಕುಟ್ಟುತ್ತಿದ್ದವು.

ನಿಪ್ಪಾಣಿಯ ಹತ್ತಿರ ಪೊಲೀಸನೊಬ್ಬ ಕೈ ಅಡ್ಡ ಮಾಡಿದ.

"ಗಣಪ್ಪ ನಿನ್ನೇನ ಹೋದ," ಎಂದ ಅವನು. "ನಿಮ್ಮ ಗಾಡಿ ಯಾಕ ಇನ್ನೂ ಕುಣಿಯಾಕತ್ತೈತಿ?"

ಕಾಕಾಸಾಹೇಬರು ಹೊಸ ಗಾಡಿ ಎಂದರು. ಪೊಲೀಸ ಸುತ್ತ ಬಂದ. ಗಾಲಿಯ ಮೇಲೆ ಸೋರಿ ಒಣಗಿದ ಬಿಳಿಯ ಕಲೆಗಳಿಂದ ಹುಳಿ ವಾಸನೆ ಬರುತ್ತಿತ್ತು. ಸ್ಟೆಪ್ನಿ ತೋರಿಸಲು ಹೇಳಿದ. ಡಿಕ್ಕಿಯಲ್ಲಿ ಸ್ಟೆಪ್ನಿ ಇರಲಿಲ್ಲ. ಬಾಟಲಿಯ ಆಕಾರದ ಒಂದು ಗುಂಡಿ ಇತ್ತು, ಬರಿದಾಗಿತ್ತು. ಹುಳಿ ವಾಸನೆ, ಖಾಲಿ ಬಾಟಲಿಯ ಜಾಗ, ಓಲಾಡುವ ಗಾಡಿ: ಅವನು ಅನುಭವಸ್ಥ. ಯಂತ್ರ ತಂದು ಕಾಕಾಸಾಹೇಬರಿಂದ ಊದಿಸಿದ. ಯಂತ್ರ ಏನೂ ತೋರಿಸಲಿಲ್ಲ. ಇನ್ನೊಮ್ಮೆ ಊದಿಸಿದ. ಏನೂ ಇಲ್ಲ.

"ಹಂಗಾರ ಕುಡದವರ್ಯಾರು?"

"ನಾ ಕುಡದಿಲ್ರಿ," ಎಂದರು ಕಾಕಾಸಾಹೇಬರು. "ಗಾಲಿ ಕುಡದಾವು."

ಪೊಲೀಸ ಹಿಂದಿನ ಸೀಟಿಗೆ ನೋಡಿದ. ಬಿಳಿಸೀರೆಯ ಮುದುಕಿ ಕಣ್ಣು ಮುಚ್ಚಿ ಕೈ ಜೋಡಿಸಿ ಕುಳಿತಿದ್ದಳು. ಅವನು ದಾರಿ ಬಿಟ್ಟ. ಅಷ್ಟರಲ್ಲಿ ಎಂಟೂವರೆ ಆಗಿತ್ತು.

ಸಂಕೇಶ್ವರದಲ್ಲಿ ಗಡಹಿಂಗ್ಲಜದ ರಸ್ತೆಗೆ ತಿರುಗಿ ಮೂರು ಕಿಲೋಮೀಟರು ಹೋಗುವಷ್ಟರಲ್ಲಿ, ಯಾವುದೋ ಹಳ್ಳಿಯ ಗಣಪತಿ ಮಂಟಪ ಬಿಚ್ಚಿದವರು ರಸ್ತೆಯ ಮೇಲೆ ಬಿಟ್ಟುಹೋದ ಮೊಳೆಗಳಲ್ಲಿ ಒಂದು ಹಿಂದಿನ ಎಡಗಾಲಿಗೆ ನೆಟ್ಟಿತು. ಕಾಕಾಸಾಹೇಬರು ಇಳಿದು ಬಾಗಿ ನೋಡಿದರು. ಮುಖದಲ್ಲಿ ತೃಪ್ತಿಯಿತ್ತು. ಈಗ ಮುಚ್ಚುತ್ತದೆ ನೋಡು ಎಂದರು ಶಾಲನಳಿಗೆ. ಇಬ್ಬರೂ ನಿಂತು ನೋಡಿದರು. ಗಾಲಿ ನಿಧಾನವಾಗಿ ನೆಲಕ್ಕೆ ಕುಳಿತಿತು. ಮುದ್ದೆ ಒಂದು ಕಡೆಗಿತ್ತು, ತೂತು ಇನ್ನೊಂದು ಕಡೆಗಿತ್ತು. ಪಂಪು ಹಚ್ಚಿ ಗಾಳಿ ತುಂಬಿದಾಗ ಎಲ್ಲೋ ಉಳಿದಿದ್ದ ಸ್ವಲ್ಪ ಹಸಿ ಗಂಜಿ ಮೊಳೆಯ ಪಕ್ಕದಿಂದ ಸಣ್ಣ ಎಳೆಯಾಗಿ, ಶಾವಿಗೆಯಂತೆ, ಹೊರಗೆ ಬಂತು.

ನೂರು ಹೆಜ್ಜೆಯಾಚೆ ಬೇವಿನ ಮರದ ಕೆಳಗೆ ಯಲಗೂರಪ್ಪನ ಪಂಕ್ಚರ್ ಅಂಗಡಿ. ಕಾರನ್ನು ಅಲ್ಲಿಯ ತನಕ ದಾರಿಹೋಕರಿಂದ ನೂಕಿಸಿಕೊಂಡು ಹೋದರು. ಒಂಬತ್ತೂಕಾಲು. ಗಡಹಿಂಗ್ಲಜದಿಂದ ರಾಜಮತಿಯ ಫೋನು ಬಂತು: ಮನೆಯಲ್ಲಿ ನಲವತ್ತು ಜನ ಕಾದಿದ್ದಾರೆ, ಎಲ್ಲಿದ್ದೀರಿ. ಸಮೀಪ ಬಂದಿದ್ದೇವೆ ಎಂದರು ಕಾಕಾಸಾಹೇಬರು. ಭರತೇಶ ಜೀಪು ತರಲೇ ಎಂದು ಕೇಳಿದ್ದಕ್ಕೆ ಹತ್ತು ನಿಮಿಷದ ಕೆಲಸ ಎಂದರು. ಶಾಲನ ಅವರಿಂದ ಫೋನು ಕಸಿದುಕೊಂಡಳು.

"ಜೀಪ ತರ್ರಿ. ಕಟ್ಟೂ ಡಬ್ಬಿಯೊಳಗ ಹಾಕ್ಕೊಂಡ ಬರ್ರಿ. ಆತ್ಯಾನ ತುಟಿ ಒಣಗ್ಯಾವು."

ಕಾಕಾಸಾಹೇಬರು ಹೆಂಡತಿಯನ್ನು ನೋಡಿದರು, ಅತ್ತೆಯನ್ನು ನೋಡಿದರು. ಮಾಣಿಕಬಾಯಿಯ ತುಟಿ ನಿಜವಾಗಿಯೂ ಒಣಗಿತ್ತು. ಇಳಿಯುವಾಗ ಆಕೆ ಮರವನ್ನು ಹಿಡಿದುಕೊಂಡಿದ್ದಳು.

ಯಲಗೂರಪ್ಪ ಗಾಲಿಯ ತುಟಿ ಬಿಡಿಸಿ ಒಳಗೆ ಕೈಹಾಕಿ, ಕೈಯನ್ನು ಅಲ್ಲೇ ಇಟ್ಟುಕೊಂಡು ಸ್ವಲ್ಪ ಹೊತ್ತು ಯೋಚಿಸಿದ. ಇಪ್ಪತ್ತೆರಡು ವರ್ಷದಲ್ಲಿ ಅವನು ಗಾಲಿಯಿಂದ ಮೊಳೆ, ಗಾಜು, ಒಮ್ಮೆ ಕುಡುಗೋಲಿನ ತುದಿ ತೆಗೆದಿದ್ದ. ಈಗ ತೆಂಗಿನಕಾಯಿಯಷ್ಟು ದೊಡ್ಡ, ಹತ್ತಿ ಮೆತ್ತಿದ, ಹುಳಿ ನಾರುವ ಮುದ್ದೆ ತೆಗೆದು ತಗಡಿನ ಮೇಲೆ ಇಟ್ಟ.

"ಸಾವಕಾರ್ರ," ಎಂದ, "ಇದು ಟೈರೋ, ಕಡಬೋ?"

ಭರತೇಶನ ಜೀಪು ಬಂದು ನಿಂತಿತು. ರಾಜಮತಿ ಡಬ್ಬಿ ಹಿಡಿದು ಇಳಿದಳು. ಭರತೇಶ ಜೀಪಿನ ಹಿಂದಕ್ಕೆ ಹೋಗಿ ಐದನೆಯ ಗಾಲಿ ಬಿಚ್ಚಿದ. ಅದು ಕಾರಿಗೆ ಕೂಡುವುದಿಲ್ಲ ಎಂದು ಯಲಗೂರಪ್ಪ ಹೇಳಿದ. ಗೊತ್ತು ಎಂದು ಭರತೇಶ ಅದನ್ನು ಮರದ ನೆರಳಲ್ಲಿ ಮಲಗಿಸಿ, ಮೇಲೆ ಶುಭ್ರವಾದ ಪಂಚೆ ಹಾಸಿ, ಅತ್ತೆಯನ್ನು ಅದರ ಮೇಲೆ ಕೂರಿಸಿದ.

ಅದೇ ಹೊತ್ತಿಗೆ ಕೇದಾರನ ಫೋನು ಬಂತು. ಕಾಕಾಸಾಹೇಬರು ಅಭ್ಯಾಸಬಲದಿಂದ ಎಲ್ಲರಿಗೂ ಕೇಳುವಂತೆ ಹಚ್ಚಿದರು. ಮುಖ್ಯ ಕಚೇರಿಯಿಂದ ಉತ್ತರ ಬಂದಿತ್ತು. ಅವರ ಬಾಟಲಿಯಲ್ಲಿದ್ದದ್ದು ರಬ್ಬರು ಮರದ ಹಾಲು, ಅದು ಹೆಪ್ಪುಗಟ್ಟದಿರಲು ಒಂದು ರಾಸಾಯನಿಕ. ಪ್ರಾಣಿಯದ್ದು ಏನೂ ಇಲ್ಲ. ನಾಲ್ಕು ವರ್ಷ ಕೆಡುವುದಿಲ್ಲ. ಕೊನೆಗೆ ಅವನು ಅಜ್ಜಿಯ ಆರೋಗ್ಯ ಹೇಗಿದೆ ಎಂದು ಕೇಳಿದ.

"ಮರದ ಹಾಲು," ಎಂದಳು ಮಾಣಿಕಬಾಯಿ. ಆಮೇಲೆ ತಗಡಿನ ಮೇಲಿನ ಮುದ್ದೆಯ ಕಡೆ ನೋಡಿದಳು. ಅದರ ಮೇಲೆ ಆಗಲೇ ಇರುವೆಗಳ ಒಂದು ಸಾಲು ಹತ್ತಿತ್ತು.

"ಇದನ್ನ ಯಾವಾಗ ಬೇಯಿಸಿದ್ದಿ?"

"ಮೊನ್ನೆ ಸಂಜೀಗ್ರಿ," ಎಂದರು ಕಾಕಾಸಾಹೇಬರು.

"ರಾತ್ರಿ ಉಳದ ಅನ್ನಾ ನಮ್ಮ ಮನ್ಯಾಗ ಯಾಕ ಉಣ್ಣೂದಿಲ್ಲ?"

ಅದು ಅವರ ಓಣಿಯ ಐದು ವರ್ಷದ ಮಕ್ಕಳಿಗೂ ಬರುವ ಪಾಠ. ಬೇಯಿಸಿದ್ದು ಹಳಸಿದರೆ ಅದರಲ್ಲಿ ಕಣ್ಣಿಗೆ ಕಾಣದ ಜೀವ ಹುಟ್ಟುತ್ತವೆ. ಕಾಕಾಸಾಹೇಬರು ಪಾಠ ಒಪ್ಪಿಸಿದರು. ಒಪ್ಪಿಸುತ್ತ ಒಪ್ಪಿಸುತ್ತ ಅವರ ದನಿ ತೆಳ್ಳಗಾಯಿತು.

"ಎರಡ ರಾತ್ರಿ ಇಟ್ಟಿ," ಎಂದಳು ಮಾಣಿಕಬಾಯಿ. "ಆಮ್ಯಾಲ ಇಚಲಕರಂಜಿಯಿಂದ ಇಲ್ಲೀತನಕ ಕುಟ್ಟಕೋತ ಬಂದಿ. ನನ್ನ ಮ್ಯಾಲ ಕೂಡಿಸಿಕೊಂಡು."

ಯಲಗೂರಪ್ಪ ಎಡಗೈಯಿಂದ ಇರುವೆಗಳಿಗೆ ದಾರಿ ಮಾಡಿಕೊಟ್ಟ. ಭರತೇಶ ದೂರದ ಕಬ್ಬನ್ನು ನೋಡುತ್ತಿದ್ದ. ಅವನ ಹೆಗಲು ಸಣ್ಣಗೆ ಅಲುಗುತ್ತಿತ್ತು. ನನಗೆ ಗೊತ್ತಾಗಲಿಲ್ಲ, ತಪ್ಪು ನನ್ನದೇ, ಪ್ರಾಯಶ್ಚಿತ್ತ ಹೇಳಿರಿ ಎಂದು ಕಾಕಾಸಾಹೇಬರು ಕೈ ಮುಗಿದರು. ಗೊತ್ತಿಲ್ಲದ ವಿಷಯವೊಂದು ತಮಗೆ ಗೊತ್ತಿಲ್ಲವೆಂದು ಅವರು ಒಪ್ಪಿದ್ದು ಓಣಿಯವರಿಗೆ ಯಾರಿಗೂ ನೆನಪಿಲ್ಲ. ಓಣಿಯವರು ಅಲ್ಲಿ ಇರಲಿಲ್ಲ.

"ಎಷ್ಟ ಗಾಲಿಗೆ ಕುಡಿಸಿದಿ?"

"ನಾಕಕ್ಕೂ."

"ಗಾಲಿಗೊಂದ ದಿನ," ಎಂದು ಮಾಣಿಕಬಾಯಿ ಮಗಳ ಕಡೆ ಕೈ ಚಾಚಿದಳು. ರಾಜಮತಿ ಡಬ್ಬಿ ತೆರೆದಳು. ಹತ್ತೂ ಹತ್ತಕ್ಕೆ ಪಾರಣೆಯಾಯಿತು. ಗಡಹಿಂಗ್ಲಜಕ್ಕೆ ಫೋನು ಹೋಗಿ ನಲವತ್ತು ಜನ ಊಟಕ್ಕೆ ಕುಳಿತರು.

ಮಾಣಿಕಬಾಯಿ ಜೀಪಿನಲ್ಲಿ ಹೋದಳು. ಯಲಗೂರಪ್ಪ ಸಂಜೆಯವರೆಗೆ ನಾಲ್ಕು ಗಾಲಿ ತೊಳೆದ. ಎಂಟು ದಿನಕ್ಕೆ ಹೊಸ ಬಾಟಲಿ ಬಂತು, ಅದು ಡಿಕ್ಕಿಯಲ್ಲಿದೆ. ಕಾಕಾಸಾಹೇಬರು ಮರುದಿನದಿಂದ ಗಾಲಿಗೊಂದರಂತೆ ನಾಲ್ಕು ದಿನ ಉಪವಾಸ ಮಾಡಿದರು. ಸ್ಟೆಪ್ನಿ ಇಲ್ಲದ್ದರಿಂದ ಐದನೆಯ ದಿನ ಊಟ ಮಾಡಿದರು.